ಲಕ್ಷಣ ಕೇಳದ ನೆರವು: ಗ್ನೋಮ್ ಡೆಸ್ಕ್‌ಟಾಪಿನ ಸಹಾಯ ಪುಟಗಳ ಒಂದು ವಿಮರ್ಶೆ

ಕಳೆದ ಚಳಿಗಾಲದಲ್ಲಿ ಊರಿನಲ್ಲಿರುವ ಅಣ್ಣನಿಗೆ ನಾನು ಬರೆದ ಒಂದು ಇ-ಮೇಲ್ ಈ ಲೇಖನಕ್ಕೆ ಕಾರಣ. ಅದು ತಲುಪಿದ ಮರುದಿನವೇ ಅಣ್ಣ ಫೋನ್ ಮಾಡಿದ. "ಏನೋ, ಹುಷಾರಾಗಿದ್ದೀಯ ತಾನೆ? ಮನೆ ಬಳಿಯ ಮರ ಅನ್ನೋದಕ್ಕೆ ಮನೆ ಬಳ್ಳಿಯ ಮಾರ ಅಂತ ಬರೆದಿದ್ದೀಯಲ್ಲ!" ಎಂದ. ನಕ್ಕು ಸುಮ್ಮನಾದೆ. ಆದರೆ ಅವನ ದನಿಯಲ್ಲಿದ್ದ ಆತಂಕ ನನಗೆ ಅರ್ಥವಾಗಿತ್ತು. ನನಗೆ ಲಕ್ವ ಹೊಡೆದಿದೆಯೋ, ಮರೆವು ಶುರುವಾಗಿದೆಯೋ ಎಂದು ಅವನು ಹೆದರಿದ್ದ.

ಎರಡೂ ಅಲ್ಲ. ನನಗಿರುವುದು ವೈದ್ಯಕೀಯದಲ್ಲಿ ಎಸೆನ್ಷಿಯಲ್ ಟ್ರೆಮರ್ ಎನ್ನುವ ಕೈ ನಡುಕ. ಪಾರ್ಕಿನ್ಸನ್ ಕಾಯಿಲೆಯ ನಡುಕ ಸಾಮಾನ್ಯವಾಗಿ ಕೈ ಸುಮ್ಮನಿರುವಾಗ ಕಾಣಿಸಿಕೊಳ್ಳುತ್ತದೆ. ಇದು ಕೈ ಕೆಲಸಕ್ಕೆ ತೊಡಗಿದಾಗ ಕಾಣಿಸಿಕೊಳ್ಳುತ್ತದೆ. ಕಾಫಿ ಲೋಟ ಎತ್ತುವಾಗ, ಸಹಿ ಹಾಕುವಾಗ, ಟೈಪ್ ಮಾಡುವಾಗ. ವಯಸ್ಸಾದವರಲ್ಲಿ ಇದು ಅಪರೂಪವಲ್ಲ, ನಮ್ಮ ಕೂಟದ ಹಿರಿಯರಲ್ಲೂ ಕೆಲವರಿಗೆ ಇದ್ದೀತು. ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವ ನಮ್ಮಂಥವರಿಗೆ ಇದರ ತೊಂದರೆ ಇನ್ನೂ ಒಂದು ಪಟ್ಟು ಹೆಚ್ಚು. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎರಡು ಸಲ ಬಿದ್ದರೆ ಅದು ಬರೀ ಕಾಗುಣಿತದ ತಪ್ಪು, ಓದುವವರು ಸರಿಮಾಡಿಕೊಳ್ಳುತ್ತಾರೆ. ಕನ್ನಡದಲ್ಲಾದರೋ ಹ್ರಸ್ವ ದೀರ್ಘವಾಗುತ್ತದೆ, ಒಂಟಿ ಅಕ್ಷರ ಒತ್ತಕ್ಷರವಾಗುತ್ತದೆ. ಮರ ಮಾರನಾಗುತ್ತಾನೆ, ಬಳಿ ಬಳ್ಳಿಯಾಗುತ್ತದೆ, ಎಲೆ ಎಲ್ಲೆಯಾಗುತ್ತದೆ. ತಪ್ಪಿದ ಪದವೂ ಸರಿಯಾದ ಪದವೇ ಆಗಿರುವುದರಿಂದ ಓದುವವರಿಗೆ ಬೇರೆಯೇ ಅರ್ಥ ಕಾಣುತ್ತದೆ. ಹೀಗೇ ಮುಂದುವರಿದರೆ ಕನ್ನಡದಲ್ಲಿ ಬರೆಯುವುದನ್ನೇ ಬಿಡಬೇಕಾದೀತು ಎಂದು ನಾನು ಯೋಚಿಸಿದ್ದುಂಟು.

ನನ್ನ ಹಳೆಯ ಲ್ಯಾಪ್‌ಟಾಪಿಗೆ ಮಗ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಅದರ ಮೇಲಿರುವುದು ಗ್ನೋಮ್ ಎಂಬ ಡೆಸ್ಕ್‌ಟಾಪ್. ಮಗನಿಗೆ ಫೋನ್ ಮಾಡಬಹುದಿತ್ತು. ಆದರೆ ಪ್ರತಿಯೊಂದಕ್ಕೂ ಬೇರೆ ಊರಿನಲ್ಲಿರುವ ಮಕ್ಕಳನ್ನು ಕಾಯುವುದು ನನಗೆ ಹಿಡಿಸದು. ಕಂಪ್ಯೂಟರಿನಲ್ಲೇ ಒಂದು ಸಹಾಯ ವ್ಯವಸ್ಥೆ ಇರುವಾಗ ಅದನ್ನೇ ಓದಿ ನೋಡೋಣವೆಂದು ಎಫ್1 ಕೀಲಿ ಒತ್ತಿದೆ. ಮುಂದಿನ ಕೆಲವು ವಾರ ಆ ಪುಟಗಳನ್ನು ಒಂದು ಪುಸ್ತಕವನ್ನು ಓದುವಂತೆ ಓದಿದೆ. ಪುಸ್ತಕವನ್ನು ವಿಮರ್ಶಿಸುವಂತೆಯೇ ಅವುಗಳನ್ನು ಇಲ್ಲಿ ವಿಮರ್ಶಿಸುತ್ತೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಕಂಪ್ಯೂಟರಿನ ಜೊತೆಗೆ ಕೈಪಿಡಿ ಇರಬೇಕೆಂಬ ಕಲ್ಪನೆ ಹಳೆಯದು. ಯುನಿಕ್ಸ್ ವ್ಯವಸ್ಥೆಯ ಮೊದಲ ಕೈಪಿಡಿ ಹೊರಬಂದದ್ದು 1971ರ ನವೆಂಬರ್‌ನಲ್ಲಿ. ಅದರಲ್ಲಿ ಪ್ರತಿ ಆದೇಶಕ್ಕೂ ಒಂದೊಂದು ವಿವರಣೆ ಇತ್ತು. ಆದೇಶದ ಹೆಸರು ಗೊತ್ತಿದ್ದವನಿಗೆ ಅದು ನಿಘಂಟಿನಂತೆ ಉಪಯುಕ್ತ, ಗೊತ್ತಿಲ್ಲದವನಿಗೆ ಮುಚ್ಚಿದ ಬಾಗಿಲು. ಗ್ನೋಮ್ ಯೋಜನೆ ಆರಂಭವಾದದ್ದು 1997ರಲ್ಲಿ. 2011ರ ಏಪ್ರಿಲ್‌ನಲ್ಲಿ ಅದರ ಮೂರನೆಯ ಆವೃತ್ತಿ ಬಂದಾಗ ಸಹಾಯ ಪುಟಗಳ ಸ್ವರೂಪವೇ ಬದಲಾಯಿತು. ಅಧ್ಯಾಯಗಳಿರುವ ದೊಡ್ಡ ಪುಸ್ತಕ ಹೋಗಿ, ಒಂದೊಂದು ವಿಷಯಕ್ಕೆ ಒಂದೊಂದು ಚಿಕ್ಕ ಪುಟ ಬಂದಿತು. ಇದಕ್ಕೆ ಆಧಾರ ಶಾನ್ ಮೆಕ್ಯಾನ್ಸ್ ಅವರು ರೂಪಿಸಿದ ಮ್ಯಾಲಾರ್ಡ್ ಎಂಬ ಬರವಣಿಗೆಯ ಚೌಕಟ್ಟು. ಈ ಪುಟಗಳನ್ನು ತೆರೆದು ತೋರಿಸುವ ತಂತ್ರಾಂಶದ ಹೆಸರು ಯೆಲ್ಪ್.

ಮ್ಯಾಲಾರ್ಡ್‌ನ ಹೆಚ್ಚುಗಾರಿಕೆಯನ್ನು ಹೇಳಲೇಬೇಕು. ಪುಸ್ತಕದಲ್ಲಿ ಪ್ರತಿ ಪುಟಕ್ಕೂ ಒಂದೇ ಜಾಗ. ಮ್ಯಾಲಾರ್ಡ್‌ನಲ್ಲಿ ಪ್ರತಿ ಪುಟವೂ ತಾನು ಯಾವ ಯಾವ ಮಾರ್ಗದರ್ಶಿಗೆ ಸೇರಿದ್ದೆಂದು ತಾನೇ ಹೇಳಿಕೊಳ್ಳುತ್ತದೆ. ಹಾಗಾಗಿ ಒಂದೇ ಪುಟಕ್ಕೆ ಎರಡು ಮೂರು ಬಾಗಿಲು ಇರಬಹುದು. ಮಧುಮೇಹದ ರೋಗಿ ಕಣ್ಣಿನ ವೈದ್ಯರ ಹತ್ತಿರವೂ ಹೋಗಬಹುದು, ಕಾಲಿನ ಹುಣ್ಣಿಗೆಂದು ಬೇರೆಯವರ ಹತ್ತಿರವೂ ಹೋಗಬಹುದು. ಕಡತ ಮಾತ್ರ ಒಂದೇ. ಇನ್ನೊಂದು ಗುಣವೆಂದರೆ ಈ ಪುಟಗಳು ಕಂಪ್ಯೂಟರಿನೊಳಗೇ ಇರುವುದು. ಅಂತರಜಾಲದಲ್ಲಿ ಹುಡುಕಿದರೆ ಹತ್ತು ಆವೃತ್ತಿಗಳಿಗೆ ಸೇರಿದ ಹತ್ತು ಉತ್ತರ ಸಿಗುತ್ತವೆ. ಇದು ನಮ್ಮ ಯಂತ್ರದಲ್ಲಿರುವ ಆವೃತ್ತಿಯ ಜೊತೆಗೇ ಬಂದದ್ದು. ವೈಫೈ ಕೆಟ್ಟಾಗ ಏನು ಮಾಡಬೇಕೆಂಬ ಪುಟ ವೈಫೈ ಇಲ್ಲದೆಯೂ ತೆರೆದುಕೊಳ್ಳುತ್ತದೆ. ಇದು ಸಣ್ಣ ಮಾತಲ್ಲ.

ಇನ್ನು ನನ್ನ ತೊಂದರೆಗೆ ಬರುತ್ತೇನೆ. ಅಕ್ಷರ ಎರಡು ಸಲ ಬೀಳುವುದಕ್ಕೆ ಪರಿಹಾರ ಗ್ನೋಮ್‌ನಲ್ಲಿ ಇದೆ. ಅದರ ಹೆಸರು ಬೌನ್ಸ್ ಕೀಸ್. ಒಂದು ಕೀಲಿಯನ್ನು ಒತ್ತಿದ ತಕ್ಷಣ ಅದನ್ನೇ ಮತ್ತೆ ಒತ್ತಿದರೆ ಕಂಪ್ಯೂಟರ್ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಷ್ಟು ಹೊತ್ತು ತಡೆಯಬೇಕೆಂಬುದನ್ನು ನಾವೇ ಹೊಂದಿಸಬಹುದು. ಒತ್ತಿದ್ದನ್ನು ತಿರಸ್ಕರಿಸಿದಾಗ ಬೀಪ್ ಸದ್ದು ಬರುವಂತೆಯೂ ಮಾಡಬಹುದು. ಇದರ ಪುಟದ ಮೊದಲ ಸಾಲುಗಳಲ್ಲೇ, ಕೈ ನಡುಕದಿಂದ ಒಮ್ಮೆ ಒತ್ತಬೇಕಾದ ಕೀಲಿಯನ್ನು ಹಲವು ಸಲ ಒತ್ತುವವರಿಗೆ ಇದು ಎಂದು ಸ್ಪಷ್ಟವಾಗಿ ಬರೆದಿದೆ. ಅದನ್ನು ಓದಿದಾಗ ಯಾರೋ ನನ್ನನ್ನು ನೋಡಿ ಬರೆದಂತಿತ್ತು.

ಆದರೆ ಆ ಸಾಲಿಗೆ ತಲುಪುವುದು ಹೇಗೆ? ಪುಟದ ಶೀರ್ಷಿಕೆ ಬೌನ್ಸ್ ಕೀಸ್ ಚಾಲೂ ಮಾಡಿ ಎಂಬರ್ಥದ್ದು. ಬೌನ್ಸ್ ಎಂಬುದು ಎಂಜಿನಿಯರುಗಳ ಪದ. ಸ್ವಿಚ್ ಒತ್ತಿದಾಗ ಒಳಗಿನ ಲೋಹದ ತುದಿಗಳು ಒಂದಕ್ಕೊಂದು ತಾಗಿ, ಪುಟಿದು, ಮತ್ತೆ ತಾಗುತ್ತವೆ. ಅದಕ್ಕೆ ಅವರು ಇಟ್ಟ ಹೆಸರು. ಕೈ ನಡುಗುವವನಿಗೆ ಈ ಪದ ಹೊಳೆಯುವುದು ಸಾಧ್ಯವೇ? ನಾನು ಮೊದಲು ಹುಡುಕಿದ್ದು "ಅಕ್ಷರ ಎರಡು ಸಲ ಬರುತ್ತಿದೆ" ಎಂಬರ್ಥದ ಇಂಗ್ಲಿಷ್ ಪದಗಳನ್ನು. ರೋಗಿ ತನಗೆ ಆಗುತ್ತಿರುವುದನ್ನು ಹೇಳುತ್ತಾನೆ, ಕಾಯಿಲೆಯ ಹೆಸರನ್ನಲ್ಲ. "ಎದೆ ಉರಿ ಡಾಕ್ಟ್ರೇ" ಎನ್ನುತ್ತಾನೆಯೇ ಹೊರತು ಅನ್ನನಾಳದ ಕೆಳತುದಿಯ ಸ್ನಾಯುವಿನ ಹೆಸರು ಹೇಳುವುದಿಲ್ಲ.

ಇಲ್ಲಿ ಇನ್ನೊಂದು ವಿಷಯವಿದೆ. ಅಕ್ಷರ ತಪ್ಪಿ ಬೀಳುವುದಕ್ಕೆ ಕಾರಣ ಒಂದೇ ಅಲ್ಲ. ಬೆರಳನ್ನು ಬೇಗ ಎತ್ತಲಾಗದೆ ಕೀಲಿ ಒತ್ತಿದಂತೆಯೇ ಉಳಿದರೆ ಅದೇ ಅಕ್ಷರ ಸಾಲಾಗಿ ಮೂಡುತ್ತದೆ. ಅದಕ್ಕೆ ರಿಪೀಟ್ ಕೀಸ್ ಎಂಬ ಹೊಂದಾಣಿಕೆಯನ್ನು ನಿಲ್ಲಿಸಬೇಕು ಅಥವಾ ನಿಧಾನಗೊಳಿಸಬೇಕು. ಬೆರಳು ಪಕ್ಕದ ಕೀಲಿಗೆ ಅರೆಕ್ಷಣ ತಾಗಿ ಬೇಡದ ಅಕ್ಷರ ಬರುತ್ತಿದ್ದರೆ ಸ್ಲೋ ಕೀಸ್ ಬೇಕು. ಅದರಲ್ಲಿ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಅಕ್ಷರ ಮೂಡುತ್ತದೆ. ಬೆರಳು ನಡುಗಿ ಅದೇ ಕೀಲಿ ಎರಡು ಮೂರು ಸಲ ಒತ್ತಿಹೋದರೆ ಬೌನ್ಸ್ ಕೀಸ್. ಯಾರು ಟೈಪ್ ಮಾಡಿದರೂ ಯಾವಾಗಲೂ ಒಂದೇ ಕೀಲಿಯಲ್ಲಿ ತೊಂದರೆ ಬರುತ್ತಿದ್ದರೆ ದೋಷ ಕೀಲಿಮಣೆಯದು, ಅದನ್ನು ಬದಲಿಸುವುದೇ ಲೇಸು. ಒಂದೇ ದೂರು, ನಾಲ್ಕು ಕಾರಣ, ನಾಲ್ಕು ಚಿಕಿತ್ಸೆ. ತಪ್ಪು ಚಿಕಿತ್ಸೆ ಮಾಡಿದರೆ ತೊಂದರೆ ಹೆಚ್ಚುತ್ತದೆ. ನನ್ನಂಥವನು ಸ್ಲೋ ಕೀಸ್ ಹಾಕಿಕೊಂಡರೆ ಕೀಲಿಮಣೆಯೇ ಸತ್ತುಹೋದಂತೆ ಅನ್ನಿಸುತ್ತದೆ.

ಗ್ನೋಮ್ ಸಹಾಯದಲ್ಲಿ ಈ ಮೂರು ಹೊಂದಾಣಿಕೆಗಳಿಗೂ ಒಳ್ಳೆಯ ಪುಟಗಳಿವೆ. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ನಿಮಗೆ ಯಾವುದು ಎಂದು ತಿಳಿಯುವ ಬಗೆ ಹೇಳುವ ಪುಟ ನನಗೆ ಸಿಗಲಿಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿಗಳೂ ಹೀಗೆಯೇ. ಪ್ರತಿ ಚೀಟಿಯೂ ತನ್ನ ಔಷಧಿ ಯಾವುದಕ್ಕೆಂದು ಸರಿಯಾಗಿಯೇ ಹೇಳುತ್ತದೆ. ಆದರೆ ಎಲ್ಲ ಚೀಟಿಗಳನ್ನು ಓದಿದರೂ ರೋಗನಿರ್ಣಯ ಆಗುವುದಿಲ್ಲ.

ಅಮೆರಿಕದ ವೈದ್ಯ ಲಾರೆನ್ಸ್ ವೀಡ್ ಅವರು 1968ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನವನ್ನು ನಮ್ಮ ಪೀಳಿಗೆಯ ವೈದ್ಯರೆಲ್ಲ ಬಲ್ಲರು. ಅದುವರೆಗೆ ರೋಗಿಯ ಕಡತದಲ್ಲಿ ರಕ್ತಪರೀಕ್ಷೆಗಳು ಒಂದು ಕಡೆ, ಎಕ್ಸ್‌ರೇ ಒಂದು ಕಡೆ, ನರ್ಸುಗಳ ಟಿಪ್ಪಣಿ ಇನ್ನೊಂದು ಕಡೆ ಇರುತ್ತಿದ್ದವು. ಎಲ್ಲಿಂದ ಬಂತೋ ಅದರ ಪ್ರಕಾರ ಜೋಡಣೆ. ವೀಡ್ ಅವರು ಅದನ್ನು ರೋಗಿಯ ಸಮಸ್ಯೆಗಳ ಪ್ರಕಾರ ಜೋಡಿಸಬೇಕೆಂದು ವಾದಿಸಿದರು. ವಾದ ಸರಳವಾಗಿತ್ತು, ಆದರೆ ನಾವು ಯೋಚಿಸುವ ಕ್ರಮವನ್ನೇ ಅದು ಬದಲಿಸಿತು. ಸಹಾಯ ಪುಟಗಳಿಗೂ ಬೇಕಾದದ್ದು ಅದೇ.

ಗ್ನೋಮ್ ಬರಹಗಾರರಿಗೆ ಈ ಕಲೆ ಗೊತ್ತಿಲ್ಲವೆಂದಲ್ಲ. ಮೌಸಿನ ಬಾಣ ಅಲುಗಾಡುತ್ತಿಲ್ಲ, ಕಂಪ್ಯೂಟರಿನಿಂದ ಸದ್ದು ಕೇಳಿಸುತ್ತಿಲ್ಲ, ಕಂಪ್ಯೂಟರ್ ಬಹಳ ಬಿಸಿಯಾಗುತ್ತಿದೆ ಎಂಬರ್ಥದ ಶೀರ್ಷಿಕೆಗಳು ಅಲ್ಲಿವೆ. ಎಲ್ಲವೂ ಲಕ್ಷಣದಿಂದಲೇ ಆರಂಭವಾಗುತ್ತವೆ. ಕಂಪ್ಯೂಟರ್ ಚಾಲೂ ಆಗುತ್ತಿಲ್ಲ ಎಂಬ ಪುಟವೂ ಇದೆ. ಚಾಲೂ ಆಗದ ಕಂಪ್ಯೂಟರಿನಲ್ಲಿ ಅದನ್ನು ಓದುವುದು ಹೇಗೋ ತಿಳಿಯದು, ಉದ್ದೇಶವಂತೂ ಒಳ್ಳೆಯದೇ. ಯಂತ್ರಕ್ಕೆ ತೊಂದರೆಯಾದಾಗ ಲಕ್ಷಣ ಕೇಳುವ ಈ ಪುಟಗಳು, ಮನುಷ್ಯನ ಕೈಗೆ ತೊಂದರೆಯಾದಾಗ ಮಾತ್ರ ಸೌಲಭ್ಯದ ಹೆಸರಿನಿಂದ ಆರಂಭಿಸುತ್ತವೆ. ನನ್ನ ಮುಖ್ಯ ಆಕ್ಷೇಪ ಇದು.

ಎರಡನೆಯ ಆಕ್ಷೇಪ ಹೆಜ್ಜೆಗಳ ಬಗ್ಗೆ. ಬೌನ್ಸ್ ಕೀಸ್ ಪುಟದ ಮೊದಲ ಹೆಜ್ಜೆಯಲ್ಲೇ ಆಕ್ಟಿವಿಟೀಸ್ ತೆರೆದು, ಬೇಕಾದ ಸೆಟ್ಟಿಂಗಿನ ಹೆಸರನ್ನು ಟೈಪ್ ಮಾಡಲು ಹೇಳಿದೆ. ಟೈಪ್ ಮಾಡಲಾರದವನಿಗೆ ಕೊಟ್ಟ ಮೊದಲ ಸಲಹೆ ಟೈಪ್ ಮಾಡು ಎಂಬುದು! ಇದನ್ನು ಬೇಗ ಚಾಲೂ ಮಾಡಲು ಮೇಲ್ಪಟ್ಟಿಯಲ್ಲಿರುವ ಚಿಹ್ನೆ ಒತ್ತಿ ಎಂದೂ ಹೇಳಿದೆ. ಆದರೆ ಇಂಥ ಯಾವುದಾದರೂ ಒಂದು ಸೌಲಭ್ಯವನ್ನು ಆಗಲೇ ಚಾಲೂ ಮಾಡಿದ್ದರೆ ಮಾತ್ರ ಆ ಚಿಹ್ನೆ ಕಾಣಿಸುತ್ತದೆ. ಮೌಸಿನಿಂದಲೇ ಸೆಟ್ಟಿಂಗ್ಸ್ ತೆರೆದು, ಆಕ್ಸೆಸಿಬಿಲಿಟಿ, ಅದರೊಳಗೆ ಟೈಪಿಂಗ್, ಅಲ್ಲಿ ಬೌನ್ಸ್ ಕೀಸ್ ಎಂದು ಹೋಗುವ ದಾರಿ ಇದ್ದೇ ಇದೆ. ನಾನು ಹೋದದ್ದೂ ಹಾಗೆಯೇ. ಅದನ್ನೇ ಮೊದಲ ಹೆಜ್ಜೆಯಾಗಿ ಹೇಳಿದ್ದರೆ ಏನು ಕಷ್ಟವಾಗುತ್ತಿತ್ತು?

ಮೂರನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಗ್ನೋಮ್ ಸಹಾಯ ಮುಕ್ತ ಪರವಾನಗಿಯಲ್ಲಿದೆ, ಅದನ್ನು ಯಾರು ಬೇಕಾದರೂ ಅನುವಾದಿಸಬಹುದು. ಪುಟವನ್ನು ವಾಕ್ಯವೃಂದಗಳಾಗಿ ಬಿಡಿಸಿ ಅನುವಾದಕರ ಮುಂದಿಡುತ್ತಾರೆ. ಅನುವಾದವಾಗದ ಭಾಗ ಇಂಗ್ಲಿಷಿನಲ್ಲೇ ಉಳಿಯುತ್ತದೆ. ಈ ಕೆಲಸಕ್ಕೆ ಇಳಿಯುವವರಿಗೆ ನನ್ನದೊಂದು ಮಾತು. ಬೌನ್ಸ್ ಕೀಸ್ ಎಂಬುದನ್ನು ಪುಟಿಯುವ ಕೀಲಿಗಳು ಎಂದರೆ ಪದ ಕನ್ನಡವಾಯಿತು, ಅರ್ಥ ಕನ್ನಡವಾಗಲಿಲ್ಲ. ನಮ್ಮಲ್ಲಿ ಪುಟಿಯುವುದು ಚೆಂಡು. "ಒಂದೇ ಅಕ್ಷರ ಎರಡು ಸಲ ಬೀಳುತ್ತಿದೆಯೇ?" ಎಂಬ ಶೀರ್ಷಿಕೆ ಇದ್ದರೆ ಊರಿನಲ್ಲಿರುವ ನನ್ನ ಅಣ್ಣನಿಗೂ ತಿಳಿಯುತ್ತದೆ. ಜೊತೆಗೆ ಕನ್ನಡ ಓದುಗರಿಗೆ ಮಾತ್ರ ಬೇಕಾದ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಈ ಸೌಲಭ್ಯ ಚಾಲೂ ಇದ್ದಾಗ ಬೇಕೆಂದೇ ಎರಡು ಸಲ ಒತ್ತಿದ್ದೂ ತಿರಸ್ಕೃತವಾಗಬಹುದು. ಬಳ್ಳಿ ಎಂದು ಬರೆಯಲು ಹೋದರೆ ಬಳಿ ಎಂದಾಗುತ್ತದೆ. ಎರಡು ಒತ್ತುಗಳ ನಡುವೆ ಒಂದು ಕ್ಷಣ ತಡೆಯಬೇಕು, ಅಥವಾ ತಡೆಯುವ ಅವಧಿಯನ್ನು ಕಡಿಮೆ ಮಾಡಿಕೊಳ್ಳಬೇಕು. ಇಂಗ್ಲಿಷ್ ಪುಟ ಬರೆದವರಿಗೆ ಈ ಕಷ್ಟ ಹೊಳೆಯಬೇಕಿಲ್ಲ. ಕನ್ನಡದವರಿಗೆ ಹೊಳೆಯದಿದ್ದರೆ ತಪ್ಪು ನಮ್ಮದು.

ನನ್ನಂಥ ತೊಂದರೆ ಇರುವವರು ಮೊದಲು ಹೀಗೆ ಪರೀಕ್ಷಿಸಿ ನೋಡಬಹುದು. ಖಾಲಿ ಕಡತವೊಂದರಲ್ಲಿ ಬೇರೆ ಬೇರೆ ಕೀಲಿಗಳನ್ನು ಹತ್ತು ಹತ್ತು ಸಲ ಒತ್ತಿ, ಎಷ್ಟು ಅಕ್ಷರ ಬಿದ್ದವೆಂದು ಎಣಿಸಿ. ಆಮೇಲೆ ಮನೆಯ ಇನ್ನೊಬ್ಬರಿಂದ ಅದನ್ನೇ ಮಾಡಿಸಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಒತ್ತಿದಾಗ ಹತ್ತಕ್ಕೆ ಹತ್ತೇ ಬಂದವು, ನನಗೆ ಹದಿನಾಲ್ಕು. ಕೀಲಿಮಣೆ ಸರಿಯಾಗಿದೆ, ಕೈಯದೇ ತೊಂದರೆ ಎಂದು ಖಚಿತವಾಯಿತು. ಇಷ್ಟಾದ ಮೇಲೆ ನಿಮ್ಮ ವೈದ್ಯರನ್ನೂ ಕಾಣಿರಿ. ಎಲ್ಲ ನಡುಕವೂ ಒಂದೇ ಅಲ್ಲ. ಕೆಲವಕ್ಕೆ ಕಾರಣ ಥೈರಾಯ್ಡ್ ಇರಬಹುದು, ಕೆಲವಕ್ಕೆ ನೀವು ತೆಗೆದುಕೊಳ್ಳುತ್ತಿರುವ ಔಷಧಿಯೇ ಇರಬಹುದು.

ನಮ್ಮ ಕೂಟದಲ್ಲಿ ಕಂಪ್ಯೂಟರ್ ಕ್ಷೇತ್ರದಲ್ಲಿರುವ ಯುವಕ ಯುವತಿಯರಿಗೆ ಕೊರತೆಯಿಲ್ಲ. ಚೆನ್ನಾಗಿ ಕನ್ನಡ ಬಲ್ಲ ಹಿರಿಯರಿಗೂ ಕೊರತೆಯಿಲ್ಲ. ಇಬ್ಬರೂ ಸೇರಿ ಕೈ ನಡುಕ, ಕಣ್ಣು ಮಂಜು, ಕಿವಿ ಮಂದ ಇರುವವರಿಗೆ ಬೇಕಾದ ಹತ್ತು ಪುಟಗಳನ್ನಾದರೂ ಲಕ್ಷಣದಿಂದ ಆರಂಭಿಸಿ ಕನ್ನಡದಲ್ಲಿ ಬರೆಯಲಿ. ಮೊದಲ ಪುಟದ ಕರಡನ್ನು ನಾನು ಬರೆದಿಟ್ಟಿದ್ದೇನೆ. ಈ ಲೇಖನವನ್ನೂ ಅದೇ ಲ್ಯಾಪ್‌ಟಾಪಿನಲ್ಲಿ, ಬೌನ್ಸ್ ಕೀಸ್ ಚಾಲೂ ಮಾಡಿಕೊಂಡು ನಾನೇ ಟೈಪ್ ಮಾಡಿದ್ದೇನೆ. ಎಲ್ಲಾದರೂ ಬಳಿ ಇರಬೇಕಾದಲ್ಲಿ ಬಳ್ಳಿ ಉಳಿದಿದ್ದರೆ ಓದುಗರು ತಿದ್ದಿಕೊಳ್ಳಬೇಕಾಗಿ ವಿನಂತಿ.