ಇಳಿಮಾಡಿನ ಕೆಳಗೆ ಡಬಲ್ ಕಾಟು

ಮಲೆನಾಡಿನ ಹಳೆಯ ಮನೆಗಳನ್ನು ಈಗ ಕೆಡಿಸುತ್ತಿರುವವರು ಎರಡು ಬಗೆ: ಕೆಡವಿ ಬೆಂಗಳೂರಿನ ನಕ್ಷೆ ತರುವವರು, ಕೆಡವದೆ ಒಳಗೆ ಬೆಂಗಳೂರನ್ನು ತುಂಬುವವರು. ಮೊದಲನೆಯವರ ಮಾತು ಬೇಡ, ಅಲ್ಲಿ ವಿಮರ್ಶೆಗೆ ಏನೂ ಉಳಿದಿರುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಎರಡನೆಯವರ ಕೈಚಳಕವನ್ನು ನೋಡುತ್ತ ಬಂದಿದ್ದೇನೆ. ಅವರೆಲ್ಲರ ದೂರು ಒಂದೇ: ‘ಈ ಕೋಣೆಗಳಿಗೆ ಒಂದು ಲೆಕ್ಕವೇ ಇಲ್ಲ ಮಾರಾಯ್ರೆ.’

ಲೆಕ್ಕ ಇದೆ, ಅದು ಮಳೆಯ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹೊಸನಗರ ತಾಲ್ಲೂಕಿನ ಹುಲಿಕಲ್ ಅದಕ್ಕೆ ಸಡ್ಡು ಹೊಡೆಯುವ ಊರು. ಇಂಥ ಕಡೆ ಮಾಡು ಕಡಿದಾಗಿ ಇಳಿಯಬೇಕು, ಸೂರು ತಲೆಗೆ ತಾಗುವಷ್ಟು ತಗ್ಗಬೇಕು, ಇಲ್ಲದಿದ್ದರೆ ಎರಚಲು ಮಣ್ಣಿನ ಗೋಡೆಯನ್ನು ತಿಂದುಹಾಕುತ್ತದೆ. ಸೂರು ತಗ್ಗಿದ್ದಕ್ಕೆ ಕಿಟಕಿ ಚಿಕ್ಕದಾಯಿತು, ಕಿಟಕಿ ಚಿಕ್ಕದಾದದ್ದಕ್ಕೆ ಒಳಮನೆ ಕತ್ತಲಾಯಿತು. ಅಟ್ಟದಲ್ಲಿ ನೆಟ್ಟಗೆ ನಿಲ್ಲಲಾಗದು, ನಿಜ. ಅಲ್ಲಿರಬೇಕಾದದ್ದು ಭತ್ತ, ಅಡಿಕೆ. ಕೆಳಗಿನ ಒಲೆಯ ಹೊಗೆ ಅವನ್ನು ಬೆಚ್ಚಗಿಡುತ್ತಿತ್ತು, ಹುಳ ಹತ್ತದಂತೆ ಕಾಯುತ್ತಿತ್ತು. ಜಗಲಿ ಉದ್ದವಾಗಿ ಕಿರಿದಾದದ್ದು ಊಟದ ಪಂಕ್ತಿಗೆ, ಅಡಿಕೆ ಸುಲಿಯುವವರ ಸಾಲಿಗೆ. ಆ ಕೆಲಸ ಹೋಯಿತು, ಆಕಾರ ಉಳಿಯಿತು. ಈಗ ಅಲ್ಲಿಗೆ ಸೋಫಾ ಸೆಟ್ ಬಂದಿದೆ.

ಹಾಗೆಂದು ಹಳೆಯದನ್ನು ಹೊಗಳಿ ಕೂರುವವರ ಗುಂಪಿಗೂ ನಾನು ಸೇರುವವನಲ್ಲ. ಆ ಹೊಗೆ ಭತ್ತವನ್ನು ಕಾಯುವ ಮೊದಲು ಅಡುಗೆಮನೆಯ ಹೆಂಗಸರ ಕಣ್ಣು, ಎದೆ ಹೊಕ್ಕು ಹೋಗುತ್ತಿತ್ತು. ಬಾಣಂತಿಗೆ ಸಿಗುತ್ತಿದ್ದದ್ದು ಮನೆಯಲ್ಲೇ ಅತಿ ಕತ್ತಲಿನ ಕೋಣೆ. ಹೊಸದಾಗಿ ಮದುವೆಯಾದವರಿಗೆ ಬಾಗಿಲು ಹಾಕಿಕೊಳ್ಳಲು ಒಂದು ಜಾಗವಿದ್ದರೆ ಅದೇ ಭಾಗ್ಯ. ಇದನ್ನೆಲ್ಲ ಬದಲಿಸುವುದು ತಪ್ಪಲ್ಲ. ನನ್ನ ತಕರಾರು ಬದಲಿಸುವ ಕ್ರಮದ ಬಗ್ಗೆ.

ಹಳೆಯ ಮನೆಯನ್ನು ಹೇಗೆ ಜೋಡಿಸಬೇಕೆಂದು ಕೇಳಿದರೆ ಎಲ್ಲರೂ ಬೆರಳು ತೋರಿಸುವುದು ಕುಪ್ಪಳಿಯ ಕವಿಮನೆಯ ಕಡೆ. ಕುವೆಂಪು ಬೆಳೆದ ಮೂರಂತಸ್ತಿನ ಈ ಮನೆ ಈಗ ವಸ್ತುಸಂಗ್ರಹಾಲಯ. ನಡುವಿನ ಅಂಗಳದಿಂದ ಬೆಳಕು ಸುತ್ತಲಿನ ಜಗಲಿಗಳಿಗೆ ಹಂಚಿಹೋಗುವುದನ್ನು, ಕಂಬಗಳ ಸಾಲೇ ಗೋಡೆಯ ಕೆಲಸ ಮಾಡುವುದನ್ನು ಅಲ್ಲಿ ನಿಂತು ನೋಡಬೇಕು. ಪಾತ್ರೆಪಡಗ, ಕೃಷಿ ಸಲಕರಣೆ ಎಲ್ಲ ಒಪ್ಪವಾಗಿವೆ. ಆದರೆ ಯಾರೂ ಮಲಗದ, ಒದ್ದೆ ಬಟ್ಟೆ ಒಣಗಿಸದ, ಮಕ್ಕಳು ಓದದ ಮನೆಯಲ್ಲಿ ಯಾವ ಕೋಣೆಯೂ ಅಡ್ಡ ಬರುವುದಿಲ್ಲ. ಬೆಳಕು ಹೇಗೆ ಬರುತ್ತದೆಂದು ಕವಿಮನೆ ಕಲಿಸುತ್ತದೆ, ಬೀರು ಎಲ್ಲಿಡಬೇಕೆಂದು ಕಲಿಸುವುದಿಲ್ಲ. ಆ ಮಟ್ಟಿಗೆ, ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ಚಿತ್ರೀಕರಿಸಿದ ಆಗುಂಬೆಯ ದೊಡ್ಡಮನೆಯೇ ಒಳ್ಳೆಯ ಪಾಠ. ಅಲ್ಲಿ ಈಗಲೂ ಜನ ಬಾಳುತ್ತಿದ್ದಾರೆ.

ನಿಜವಾದ ಕಷ್ಟ ಇರುವುದು ಹಿಸ್ಸೆಯಾದ ಮನೆಗಳಲ್ಲಿ. ಅಣ್ಣ ತಮ್ಮಂದಿರು ಪಾಲಾದಾಗ ಅಂಗಳದ ನಡುವೆ ಗೋಡೆ ಏಳುತ್ತದೆ. ಒಬ್ಬರಿಗೆ ಹೆಬ್ಬಾಗಿಲು, ಇನ್ನೊಬ್ಬರಿಗೆ ಬಚ್ಚಲು. ಮೆತ್ತಿನ ಏಣಿ ಒಬ್ಬರ ಕಡೆ, ಮೆತ್ತು ಇನ್ನೊಬ್ಬರ ಕಡೆ. ಅಂಗಳದ ಬೆಳಕು ಎರಡು ಪಾಲಾಗಿ ಇಬ್ಬರಿಗೂ ಸಾಲದಾಗುತ್ತದೆ. ಉಳಿದ ಅರ್ಧ ಜಗಲಿ ರೈಲಿನ ಬೋಗಿಯಂತೆ ಉದ್ದ. ಇಲ್ಲಿ ಸಾಮಾನ್ಯವಾಗಿ ಮಾಡುವುದೇನು? ಪ್ಲೈವುಡ್‌ನಿಂದ ಮಾಡಿನವರೆಗೆ ಅಡ್ಡಗಟ್ಟಿ ಎರಡು ಕೋಣೆ ಮಾಡುತ್ತಾರೆ. ಹಿಂದಿನ ಕೋಣೆಯಲ್ಲಿ ನಡುಮಧ್ಯಾಹ್ನವೂ ಟ್ಯೂಬ್‌ಲೈಟು. ಅದರ ಬದಲು ಎದೆಮಟ್ಟದ ಕಪಾಟನ್ನು ಅಡ್ಡ ಇಟ್ಟರೆ ಮರೆಯೂ ಆಯಿತು, ಬೆಳಕೂ ತಲೆಯ ಮೇಲಿಂದ ದಾಟಿತು. ಮಲಗುವ ಕಡೆಗೆ ಬೇಕಿದ್ದರೆ ಪರದೆ. ನಡುವೆ ಮುಂಡಿಗೆ ಬಂದರೆ ಅದನ್ನು ಸುತ್ತಿ ಓಡಾಡುವ ಬದಲು ಅದಕ್ಕೆ ಒತ್ತಿ ಮೇಜು ಹಾಕಬೇಕು.

ಅಟ್ಟವನ್ನು ಮಲಗುವ ಕೋಣೆ ಮಾಡಿದವರಲ್ಲಿ ಹೆಚ್ಚಿನವರು ಸೋಲುವುದು ಡಬಲ್ ಕಾಟಿನ ವಿಷಯದಲ್ಲಿ. ಅದನ್ನು ಮಾಡು ಇಳಿಯುವ ಗೋಡೆಗೆ ಒತ್ತಿದರೆ ಬೆಳಗೆದ್ದವನ ತಲೆಗೆ ಪಕಾಸಿ ಬಡಿಯುವುದು ಖಾತ್ರಿ. ತಗ್ಗಿನ ಕಡೆ ಪೆಟ್ಟಿಗೆ, ಪುಸ್ತಕ, ಹಾಸಿಗೆಯ ಸುರುಳಿ. ಎತ್ತರದ ಕಡೆ ಓಡಾಟ. ಮಂಚವೇ ಬೇಡ, ನೆಲದ ಹಾಸಿಗೆ ಸಾಕು ಎಂದರೆ ಮೊಣಕಾಲಿನ ನೆಪ ಹೇಳುತ್ತಾರೆ. ಮೊಣಕಾಲು ನೋಯುವವರು ಅಟ್ಟಕ್ಕೆ ಯಾಕಾದರೂ ಹತ್ತಬೇಕೋ!

ಫಾಲ್ಸ್ ಸೀಲಿಂಗ್ ಬಗ್ಗೆ ನನ್ನ ತೀರ್ಪು ನೇರ: ಹೆಂಚಿನ ಮನೆಗೆ ಅದು ಬೇಡ. ಹೆಂಚು ಸರಿದು ನೀರು ಇಳಿದದ್ದು ತಿಳಿಯುವುದಿಲ್ಲ, ರೀಪಿಗೆ ಗೆದ್ದಲು ಹತ್ತಿದ್ದು ಕಾಣುವುದಿಲ್ಲ, ಇಲಿಗೆ ಮಾತ್ರ ಪುಕ್ಕಟೆ ಮಹಡಿ. ನಡುಮನೆಯ ಮೂಲೆಯನ್ನು ಕೊರೆದು ಅಟ್ಯಾಚ್ಡ್ ಬಾತ್‌ರೂಮ್ ಮಾಡುವ ಹೋಮ್‌ಸ್ಟೇ ರೂಢಿಯೂ ಅಷ್ಟೇ ಕೆಟ್ಟದ್ದು. ಒಣಗಲು ಮೊದಲೇ ಹೆಣಗುವ ಮಣ್ಣಿನ ಗೋಡೆಗೆ ವರ್ಷವಿಡೀ ನೀರು ಕುಡಿಸಿದಂತಾಗುತ್ತದೆ. ಹೊರಗೋಡೆಗೆ ಇಳಿಮಾಡು ಇಳಿಸಿ ಬಚ್ಚಲು ಕಟ್ಟಿ, ನಡುವೆ ಒಂದು ಬಾಗಿಲು ಇಟ್ಟರೆ ಅತಿಥಿಗೂ ಸುಖ, ಗೋಡೆಗೂ ಸುಖ.

ಹೊಸ ಆರ್‌ಸಿಸಿ ಮನೆಗಳವರು ನಗುವಂತಿಲ್ಲ. ಚಪ್ಪಟೆ ಟೆರೇಸು ಸೋರತೊಡಗಿ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ಶೀಟು ಹೊದೆಸಿದ್ದಾರಲ್ಲ, ಆ ನಡುವಿನ ಜಾಗಕ್ಕಿಂತ ಒಡ್ಡಾದ ಕೋಣೆ ಮೂರು ತಾಲ್ಲೂಕಿನಲ್ಲಿ ಎಲ್ಲೂ ಇಲ್ಲ. ಬಿಸಿಲಿಗೆ ಕುಲುಮೆ, ಮಳೆಗೆ ತಮಟೆ. ಆದರೂ ಅಡಿಕೆ ಹರವಲು, ಆಷಾಢದ ಬಟ್ಟೆ ಒಣಗಿಸಲು, ಮದುವೆಯ ಊಟ ಹಾಕಲು ಮನೆಮಂದಿ ಅದನ್ನೇ ನೆಚ್ಚಿದ್ದಾರೆ. ಯಾವ ಡಿಸೈನರನ ಸಲಹೆಯೂ ಇಲ್ಲದೆ ಹಳೆಯ ಅಟ್ಟ, ಜಗಲಿ ಎರಡೂ ಅಲ್ಲಿಗೆ ಏರಿ ಕುಳಿತಿವೆ. ಇಡೀ ಮನೆಯಲ್ಲಿ ನನಗೆ ಒಪ್ಪಿಗೆಯಾಗುವ ಜೋಡಣೆ ಬಹಳ ಸಲ ಅದೊಂದೇ.

ಹೆಂಚಿನ ಮನೆ ಇನ್ನೂ ಉಳಿದಿರುವವರಲ್ಲಿ ಒಂದು ಕೇಳಿಕೆ. ಗೋಡೆ ಒಡೆಯುವ ಮೊದಲು ಒಂದು ಮಳೆಗಾಲ ಕಾಯಿರಿ. ಎರಚಲು ಯಾವ ದಿಕ್ಕಿನಿಂದ ಹೊಡೆಯುತ್ತದೆ, ಯಾವ ಮೂಲೆ ಒಣಗಿರುತ್ತದೆ ನೋಡಿಕೊಳ್ಳಿ. ಅಷ್ಟರೊಳಗೆ ಕತ್ತಲ ಕೋಣೆಯ ಮಾಡಿಗೆ ಎರಡು ಗಾಜಿನ ಹೆಂಚು ಕೂರಿಸಿ. ಗುತ್ತಿಗೆದಾರನನ್ನು ಕರೆಯಬೇಕೋ ಬೇಡವೋ ಆಮೇಲೆ ಯೋಚಿಸಿದರಾಯಿತು.