ಪಚ್ಚೆಯ ಹುಟ್ಟೂರು ಕಾಣುವ ಬಗೆ

ಪಚ್ಚೆ ಹರಳು ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ಬಣ್ಣದ ಕಡೆಗೆ. ಅದು ಯಾವ ಗಣಿಯದೆಂದು ತಿಳಿಯಬೇಕಿದ್ದರೆ ಬಣ್ಣವನ್ನು ಸ್ವಲ್ಪ ಹೊತ್ತು ಮರೆಯಿರಿ. ಹಸಿರು ಕೊಡುವ ಕ್ರೋಮಿಯಂ, ವನೇಡಿಯಂ ಕೊಲಂಬಿಯಾದಲ್ಲೂ ಇವೆ, ಜಾಂಬಿಯಾದಲ್ಲೂ ಇವೆ, ನಮ್ಮ ರಾಜಸ್ಥಾನದಲ್ಲೂ ಇವೆ.

ನೋಡಬೇಕಾದ್ದು, ಕೊಳ್ಳುವವರು ದೋಷವೆಂದು ಮೂಗು ಮುರಿಯುವ ಒಳಗಿನ ಕಲೆಗಳನ್ನು. ಲೂಪ್ ಎಂಬ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು, ಪಕ್ಕದಿಂದ ಬೆಳಕು ಬಿಟ್ಟು, ಹರಳನ್ನು ನಿಧಾನವಾಗಿ ತಿರುಗಿಸಿ. ಲೂಪಿಗೆ ಎಟುಕದ್ದನ್ನು ಸೂಕ್ಷ್ಮದರ್ಶಕ ತೋರಿಸುತ್ತದೆ. ಕೊಲಂಬಿಯಾದ ಪಚ್ಚೆಯಲ್ಲಿ ಅಂಚು ಹರಿದಂಥ ಪುಟ್ಟ ಪೊಳ್ಳು. ಅದರ ತುಂಬ ದ್ರವ, ದ್ರವದಲ್ಲೊಂದು ಗುಳ್ಳೆ, ಪಕ್ಕದಲ್ಲೊಂದು ಚೌಕನೆಯ ಹರಳು. ಆ ಚೌಕ ಅಡುಗೆಮನೆಯ ಉಪ್ಪೇ! ಕಪ್ಪು ಜೇಡಿಬಂಡೆಯ ಬಿರುಕಿನಲ್ಲಿ ಹರಿದ ಬಿಸಿ ಉಪ್ಪುನೀರು, ಪಚ್ಚೆ ಬೆಳೆಯುವಾಗ ಅದರೊಳಗೆ ಸಿಕ್ಕಿಕೊಂಡು ತಣಿದಿದೆ. ಮೂರು ಕೋಟಿ ವರ್ಷಕ್ಕೂ ಹಳೆಯ ನೀರು ಅದು. ಅದನ್ನು ಕಂಡ ಮೇಲೆ, ಕಲೆಯಿಲ್ಲದ ಹರಳು ನನಗಂತೂ ಸಪ್ಪೆ.

ಈ ಪೊಳ್ಳೊಂದನ್ನೇ ನೆಚ್ಚಿ ತೀರ್ಪು ಕೊಡಬೇಡಿ. ಅಫ್ಗಾನಿಸ್ತಾನದ ಪಂಜಶೀರ್ ಪಚ್ಚೆಯಲ್ಲೂ ಇಂಥ ಪೊಳ್ಳು ಉಂಟು. ರಾಜಸ್ಥಾನ, ಜಾಂಬಿಯಾಗಳದ್ದರಲ್ಲಿ ಕಾಗೆಬಂಗಾರದ ಕಂದು ಚೂರುಗಳು, ಹೆಚ್ಚು ಕಬ್ಬಿಣ. ಕೊಲಂಬಿಯಾದ್ದರಲ್ಲಿ ಕಬ್ಬಿಣ ಕಡಿಮೆ.

ಹರಳನ್ನು ಒಡೆಯದೆ ಕಲೆಯೊಳಗಿನ ವಸ್ತು ಯಾವುದೆಂದು ಹೇಳುವ ವಿದ್ಯೆಗೆ ಉತ್ತರ ಬೆಂಗಳೂರಿನ ನಂಟಿದೆ. ಸಿ.ವಿ. ರಾಮನ್ 1928ರಲ್ಲಿ ಕೋಲ್ಕತ್ತದಲ್ಲಿ ಕಂಡ ರಾಮನ್ ಪರಿಣಾಮವೇ ಅದರ ಆಧಾರ. ಮುಂದೆ ಅವರು 1948ರಲ್ಲಿ ಮೇಖ್ರಿ ವೃತ್ತದ ಬಳಿ ತಮ್ಮ ಸಂಶೋಧನಾ ಸಂಸ್ಥೆ ಕಟ್ಟಿ, ವಜ್ರ, ಮುತ್ತು, ಓಪಲ್‌ಗಳ ಬೆಡಗನ್ನು ಬೆನ್ನು ಹತ್ತಿದರು. ಲೇಸರ್ ಕಿರಣವನ್ನು ಕಲೆಯ ಮೇಲೆ ನೆಟ್ಟರೆ, ಚದುರಿ ಬರುವ ಬೆಳಕಿನ ಒಂದು ಸಣ್ಣ ಪಾಲು ಬಣ್ಣ ಬದಲಿಸಿರುತ್ತದೆ. ಎಷ್ಟು ಬದಲಿಸಿತೆಂಬುದು ಖನಿಜದಿಂದ ಖನಿಜಕ್ಕೆ ಬೇರೆ. ಕ್ಯಾಲ್ಸೈಟ್, ಕಾಗೆಬಂಗಾರ, ಗುಳ್ಳೆಯೊಳಗಿನ ಅನಿಲ, ಎಲ್ಲವೂ ಹೀಗೆ ಗುರುತು ಕೊಡುತ್ತವೆ. ಉಪ್ಪು ಮಾತ್ರ ಕೊಡುವುದಿಲ್ಲ. ಅದನ್ನು ಆ ಚೌಕದಿಂದಲೇ ಹಿಡಿಯಬೇಕು.

ಬೀದರ್, ರಾಯಚೂರುಗಳನ್ನೂ ಆಳಿದ ನಿಜಾಮರ ಖಜಾನೆಯ ಪಚ್ಚೆಗಳನ್ನು ‘ಹಳೇ ಗಣಿ’ಯವೆಂದು ಕರೆದು, ಏಷ್ಯಾದ ಯಾವುದೋ ಮರೆತ ಗಣಿಯವೆಂದು ವ್ಯಾಪಾರಿಗಳು ನಂಬಿದ್ದರು. ಹುಟ್ಟೂರಿನ ಸುಳಿವು ಕೊಡುವ, ಹರಳಿನಲ್ಲಿರುವ ಆಮ್ಲಜನಕದ ಐಸೊಟೋಪುಗಳನ್ನು ಅಳೆದು 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವುಗಳಲ್ಲಿ ಕೊಲಂಬಿಯಾದ ಹರಳುಗಳು ಸಿಕ್ಕವು.

ಹರಳು ಕೊಳ್ಳುವಾಗ ಪ್ರಯೋಗಾಲಯದ ಸರ್ಟಿಫಿಕೇಟ್ ಕೇಳಿ ಓದಿ. ಅದರಲ್ಲಿ ಬರೆದ ದೇಶದ ಹೆಸರು ತಜ್ಞರ ಅಭಿಪ್ರಾಯ. ಒಂದೇ ಹರಳಿಗೆ ಎರಡು ಪ್ರಯೋಗಾಲಯಗಳು ಬೇರೆ ಬೇರೆ ದೇಶ ಹೇಳುವುದೂ ಉಂಟು.