ದೂರಯಾನದ ಯಂತ್ರನೌಕೆ: ಸಾಮಗ್ರಿಯ ಹೆಸರುಗಳನ್ನು ಕುರಿತು ಒಂದು ವಿಮರ್ಶೆ

ಭಾಷಾಂತರದ ಅಭ್ಯಾಸಕ್ಕೆಂದು ಪದವಿ ತರಗತಿಯೊಂದಕ್ಕೆ ನಾನು ಕೊಟ್ಟ ಇಂಗ್ಲಿಷ್ ಗದ್ಯಭಾಗವೇ ಈ ಲೇಖನಕ್ಕೆ ಮೂಲ. ನಡುವೆ ಯಾವ ಬಂದರನ್ನೂ ಮುಟ್ಟದೆ ಸಾವಿರಾರು ಮೈಲಿ ಸಾಗಬಲ್ಲ, ಐವತ್ತು ಅಡಿಯ ಆಸುಪಾಸಿನ ಒಂದು ಖಾಸಗಿ ಯಂತ್ರನೌಕೆಯಲ್ಲಿ ಏನೇನು ಸಾಮಗ್ರಿ ಇರುತ್ತದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂಬುದರ ವರ್ಣನೆ ಅದು. ವಿದ್ಯಾರ್ಥಿಗಳಲ್ಲಿ ಬಹುಮಂದಿ ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಗಳ ಕಡೆಯವರು. ಕೆಲವರು ಕಡಲನ್ನೇ ಕಂಡವರಲ್ಲ. ಅವರು ಬರೆದು ತಂದ ಕನ್ನಡವನ್ನು ತಿದ್ದಲು ಕುಳಿತಾಗ, ತಪ್ಪು ಅವರದಲ್ಲ, ನಾವು ಅವರ ಕೈಗೆ ಕೊಟ್ಟಿರುವ ಪರಿಭಾಷೆಯದು ಎಂಬ ಸಂಶಯ ಮೂಡಿತು. ಆ ಸಂಶಯವನ್ನು ಪರಿಶೀಲಿಸುವುದೇ ಪ್ರಕೃತ ಉದ್ದೇಶ.

ಒಳನಾಡಿನವರಿಗೆ ಕಡಲಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ನಮ್ಮ ಕಾವ್ಯಪರಂಪರೆ ಹಾಗೆ ಕೇಳಲಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವರ್ಣನೆಯೂ ಒಂದಾದುದರಿಂದ, ಕಡಲು ಕಾಣದ ನಾಡಿನ ಕವಿಯೂ ಕಡಲನ್ನು ವರ್ಣಿಸಲೇಬೇಕಾಗಿತ್ತು. ಆದರೆ ಆ ವರ್ಣನೆಯಲ್ಲಿ ತೆರೆ, ನೊರೆ, ರತ್ನ, ಮಕರಗಳಿಗೆ ಇರುವ ಸ್ಥಾನ ಹಡಗಿನ ಒಳಗಣ ವಸ್ತುಗಳಿಗೆ ಇಲ್ಲ. ಜೈನಕಥೆಗಳ ಬಹಿತ್ರವು ಬಹುಮಟ್ಟಿಗೆ ಒಡೆಯುವುದಕ್ಕಾಗಿಯೇ ಹೊರಡುತ್ತದೆ. ಚಾರುದತ್ತನಂಥ ವರ್ತಕನನ್ನು ಒಂದು ಹಲಗೆಯ ಮೇಲೆ ದಡ ಸೇರಿಸಿದೊಡನೆ ಅದರ ಕೆಲಸ ಮುಗಿಯಿತು. ಈಚಿನ ಕಾಲದಲ್ಲಿ ಸವಣೂರಿನವರಾದ ವಿ. ಕೃ. ಗೋಕಾಕರು ಓದಿಗಾಗಿ ಆಕ್ಸ್‌ಫರ್ಡಿಗೆ ಕಡಲು ದಾಟಿದರು. 'ಸಮುದ್ರ ಗೀತೆಗಳು' ಬಂದಾಗ ಕಡಲು ಕನ್ನಡದ ಛಂದಸ್ಸನ್ನೇ ಸಡಿಲಿಸಿತೆಂಬ ಮಾತು ಪ್ರಸಿದ್ಧವಾಗಿದೆ. ಛಂದಸ್ಸಿಗೆ ಒದಗಿದ ಈ ಭಾಗ್ಯ ನಮ್ಮ ಯಂತ್ರಗದ್ಯಕ್ಕೆ ಒದಗಲಿಲ್ಲ.

ಇದಕ್ಕೆ ಕನ್ನಡದ ಬಡತನವು ಕಾರಣವಲ್ಲ. ಹಾಯಿ, ಹುಟ್ಟು, ಕೂವೆ ಮುಂತಾದ ಮಾತುಗಳು ನಮ್ಮವೇ ಆಗಿ ಇವೆ. ಲಂಗರು ಪಾರಸಿಯಿಂದ ಬಂದುದು. ಚುಕ್ಕಾಣಿ ಅರಬ್ಬಿಯ ಮೂಲದ್ದು. ಕರಾವಳಿಯ ನಾವಿಕನು ಅರಬ್ಬರೊಡನೆ ವ್ಯಾಪಾರ ಮಾಡುತ್ತ ವಸ್ತುವಿನೊಡನೆ ಹೆಸರನ್ನೂ ಇಳಿಸಿಕೊಂಡನು. ಹೀಗೆ ಇಳಿಸಿಕೊಂಡ ಚುಕ್ಕಾಣಿಯನ್ನು ಇಂದು ರಾಜಕಾರಣದ ಭಾಷಣದಲ್ಲಿಯೂ ಹಿಡಿಯುತ್ತಾರೆ. ಹೆಸರಿನ ಕುಲವನ್ನು ಕೇಳದೆ ಅದರ ಕೆಲಸವನ್ನು ನೋಡಿದ ಈ ಧೈರ್ಯ ನಮ್ಮ ಪರಿಭಾಷಾಕಾರರಲ್ಲಿ ಕಡಿಮೆ.

ಮೊದಲು ನೌಕೆಯ ಹೆಸರನ್ನೇ ನೋಡೋಣ. ಬಹುಪಾಲು ವಿದ್ಯಾರ್ಥಿಗಳು 'ದೀರ್ಘ ಶ್ರೇಣಿಯ ಮೋಟಾರು ನೌಕೆ' ಎಂದು ಬರೆದಿದ್ದರು. ಇಂಗ್ಲಿಷಿನ 'ರೇಂಜ್' ಎಂಬುದಕ್ಕೆ ಅವರ ಕೈಯ ನಿಘಂಟು ಕೊಟ್ಟ ಮೊದಲ ಅರ್ಥ ಶ್ರೇಣಿ. ಒಮ್ಮೆ ತುಂಬಿಕೊಂಡ ಎಣ್ಣೆಯಲ್ಲಿ ಎಷ್ಟು ದೂರ ಹೋಗಬಹುದು ಎಂಬುದೇ ಇಲ್ಲಿನ ಪ್ರಶ್ನೆ. ಆ ಪ್ರಶ್ನೆ ಎಷ್ಟು ಕಠಿನವೆಂಬುದಕ್ಕೆ ಈ ಬಗೆಯ ನೌಕೆಗಳ ಚರಿತ್ರೆಯ ಮೊದಲ ಪುಟವೇ ಸಾಕ್ಷಿ. 98 ಅಡಿಯ 'ಸ್ಪೀಜಾಕ್ಸ್' 1921-22ರಲ್ಲಿ ಭೂಮಿಯನ್ನು ಸುತ್ತಿದ ಮೊದಲ ಮೋಟಾರು ನೌಕೆಯೆಂಬ ಕೀರ್ತಿ ಪಡೆಯಿತು. ಆದರೆ ಪೆಸಿಫಿಕ್ ಸಾಗರದ ದೊಡ್ಡದೊಂದು ಭಾಗವನ್ನು ಉಗಿಹಡಗೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು ದಾಟಬೇಕಾಯಿತು, ಏಕೆಂದರೆ ಅಷ್ಟು ದೂರಕ್ಕೆ ಸಾಲುವ ಪೆಟ್ರೋಲನ್ನು ಅದು ಹೊರಲಾರದಾಗಿತ್ತು. ಈ ಕೊರತೆಯನ್ನು ಲೆಕ್ಕ ಹಾಕಿ ನೀಗಿಸಿದವರಲ್ಲಿ ಪ್ರಮುಖನು ಅಮೆರಿಕದ ನೌಕಾದಳದ ನಿವೃತ್ತ ಅಧಿಕಾರಿ ರಾಬರ್ಟ್ ಬೀಬಿ. ಅವನು ರೂಪಿಸಿದ 50 ಅಡಿಯ 'ಪ್ಯಾಸೇಜ್‌ಮೇಕರ್' 1963ರಲ್ಲಿ ಸಿಂಗಪುರದಲ್ಲಿ ಸಿದ್ಧವಾಗಿ, ನಮ್ಮ ಹಿಂದೂ ಮಹಾಸಾಗರವನ್ನೇ ಅಡ್ಡ ಹಾಯ್ದು, ಕೆಂಪು ಸಮುದ್ರದ ದಾರಿಯಾಗಿ ಗ್ರೀಸ್ ದೇಶವನ್ನು ಮುಟ್ಟಿತು. 1975ರಲ್ಲಿ ಪ್ರಕಟವಾದ ಅವನ 'ವಾಯೇಜಿಂಗ್ ಅಂಡರ್ ಪವರ್' ಇಂದಿಗೂ ಈ ವಿಷಯದ ಆಕರಗ್ರಂಥ.

ಬೀಬಿಯ ಲೆಕ್ಕದ ತಿರುಳು ಸರಳವಾದುದು. ನೀರನ್ನು ತಳ್ಳಿಕೊಂಡು ಸಾಗುವ ಒಡಲಿಗೆ ಅದರ ಉದ್ದವೇ ವೇಗದ ಎಲ್ಲೆ. ನೀರಿನ ಮಟ್ಟದಲ್ಲಿ ಅಳೆದ ಉದ್ದ 49 ಅಡಿಯಾದರೆ ಅದರ ವರ್ಗಮೂಲ 7, ಅದನ್ನು 1.34ರಿಂದ ಗುಣಿಸಿದರೆ ಸುಮಾರು 9.4 ನಾಟ್. ಆ ಎಲ್ಲೆಯ ಸಮೀಪಕ್ಕೆ ಹೋದಂತೆಲ್ಲ ನೌಕೆ ತಾನೆಬ್ಬಿಸಿದ ಅಲೆಯನ್ನು ತಾನೇ ಏರಬೇಕಾಗುತ್ತದೆ. ಎಣ್ಣೆ ವ್ಯರ್ಥವಾಗಿ ಸುಡುತ್ತದೆ. ಬೇಕಾಗುವ ಶಕ್ತಿ ಸ್ಥೂಲವಾಗಿ ವೇಗದ ಘನದಂತೆ ಏರುತ್ತದೆ. ಆದುದರಿಂದ ಮೈಲಿಯೊಂದಕ್ಕೆ ತಗಲುವ ಎಣ್ಣೆ ವೇಗದ ವರ್ಗದಂತೆ ಏರುತ್ತದೆ. 9 ನಾಟ್‌ನಿಂದ 7ಕ್ಕೆ ಇಳಿದರೆ ಮೈಲಿಯ ಖರ್ಚು ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ತರಗತಿಯಲ್ಲಿ ಇದನ್ನು ಹೇಳಿದಾಗ ಕುಂದಗೋಳದ ಕಡೆಯ ಹುಡುಗನೊಬ್ಬ, 'ಹಂಗಾದ್ರ ಇದು ಮಜಲಿನ ಲೆಕ್ಕ ಅಲ್ಲೇನ್ರಿ ಸರ' ಎಂದನು. ಮಜಲು ಎಂದರೆ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಇರುವ ನಡೆ. ಅದೂ ಅರಬ್ಬಿಯಿಂದಲೇ ಬಂದ ಮಾತು. 'ಒಂದೇ ಮಜಲಿಗೆ ಮೂರು ಸಾವಿರ ಮೈಲಿ ನಡೆಯುವ ನೌಕೆ' ಎಂದರೆ ಅರ್ಥವಾಗದ ಕನ್ನಡಿಗನಿಲ್ಲ. ಶ್ರೇಣಿ ಎಂಬಲ್ಲಿ ಅರ್ಥವೇ ಇರಲಿಲ್ಲ.

ಹೆಚ್ಚು ವಿಚಾರಕ್ಕೆ ಅರ್ಹವಾದುದು 'ಸ್ಟೆಬಿಲೈಸರ್' ಎಂಬ ಉಪಕರಣ. ವಿದ್ಯಾರ್ಥಿಗಳು ಇದನ್ನು 'ಸ್ಥಿರೀಕಾರಕ' ಎಂದರು. ವ್ಯಾಕರಣದ ದೃಷ್ಟಿಯಿಂದ ಅದರಲ್ಲಿ ದೋಷವಿಲ್ಲ. ದೋಷವಿರುವುದು ವಸ್ತುವಿನ ದೃಷ್ಟಿಯಿಂದ. ಹಾಯಿಯಿಲ್ಲದ ನೌಕೆ ಅಲೆಗೆ ಸಿಕ್ಕಿ ಎಡಬಲಕ್ಕೆ ಹೊಯ್ದಾಡುತ್ತದೆ. ಹಾಯಿದ್ದರೆ ಗಾಳಿಯ ಒತ್ತಡವೇ ಅದನ್ನು ಬಹುಮಟ್ಟಿಗೆ ಹಿಡಿದಿರುತ್ತಿತ್ತು. ಈ ಹೊಯ್ದಾಟವನ್ನು ತಗ್ಗಿಸಲು ಮೂರು ಬಗೆಯ ಉಪಾಯಗಳು ಬಳಕೆಯಲ್ಲಿವೆ. ಎರಡೂ ಪಕ್ಕಗಳಿಗೆ ಚಾಚಿದ ತೊಲೆಗಳಿಂದ ನೀರಿನೊಳಕ್ಕೆ ಇಳಿಬಿಡುವ ಮೀನಿನಾಕಾರದ ಹಲಗೆಗಳು ಒಂದು. ಒಡಲಿನ ಅಡಿಯಲ್ಲಿ ಎಣ್ಣೆಯ ಒತ್ತಡದಿಂದಲೋ ವಿದ್ಯುತ್ತಿನಿಂದಲೋ ತಿರುಗುವ ರೆಕ್ಕೆಗಳು ಇನ್ನೊಂದು. ನಿರ್ವಾತ ಗೂಡಿನೊಳಗೆ ಅತಿವೇಗವಾಗಿ ಸುತ್ತುವ ಭಾರವಾದ ಗಾಲಿ ಮೂರನೆಯದು. ಇವುಗಳಲ್ಲಿ ಯಾವುದೂ ನೌಕೆಗೆ ಸ್ಥಿರತೆಯನ್ನು ಕೊಡುವುದಿಲ್ಲ. ಮಗುಚಿಬೀಳದಂತೆ ಕಾಯುವ ಸ್ಥಿರತೆ ಒಡಲಿನ ಆಕಾರದಿಂದಲೂ ಭಾರ ಎಷ್ಟು ಕೆಳಗಿದೆ ಎಂಬುದರಿಂದಲೂ ಬರತಕ್ಕದ್ದು.

ಇಷ್ಟೇ ಅಲ್ಲ. ಸ್ಥಿರತೆಗೂ ಹೊಯ್ದಾಟದ ಸುಖಕ್ಕೂ ಒಂದು ಬಗೆಯ ವೈರವೇ ಇದೆ. ಭಾರ ಬಹಳ ಕೆಳಗಿರುವ ನೌಕೆ ಬಾಗಿದೊಡನೆ ಥಟ್ಟನೆ ಎದ್ದು ನಿಲ್ಲುತ್ತದೆ; ಒಳಗಿದ್ದವರು ಗೋಡೆಗೆ ಬಡಿದುಕೊಳ್ಳುತ್ತಾರೆ. ಭಾರ ಮೇಲಿದ್ದರೆ ಅದು ನಿಧಾನವಾಗಿ, ಹಿತವಾಗಿ ತೂಗುತ್ತದೆ. ಆ ಹಿತವೇ ಅಪಾಯದ ಸೂಚನೆ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಕಲಘಟಗಿಯ ಕಡೆಯವರಿಗೆ ಈ ಮಾತಿನ ಅರ್ಧವನ್ನು ವಿವರಿಸಬೇಕಾಗಿಲ್ಲ: ಉದ್ದ ಹಗ್ಗದ ತೊಟ್ಟಿಲು ನಿಧಾನ ತೂಗುತ್ತದೆ, ಗಿಡ್ಡ ಹಗ್ಗದ್ದು ಜಗ್ಗಾಡುತ್ತದೆ. ಉಳಿದರ್ಧವೇನೆಂದರೆ, ತೊಟ್ಟಿಲು ಮೇಲಿನ ತೊಲೆಯನ್ನು ನಂಬಿದೆ, ನೌಕೆಗೆ ಅಂಥ ತೊಲೆಯಿಲ್ಲ. ಹೀಗಿರಲು, 'ಸ್ಥಿರೀಕಾರಕವಿದೆ' ಎಂದು ಓದಿದವನು ಆ ನೌಕೆ ಮಗುಚದು ಎಂದು ತಿಳಿದರೆ ಆಶ್ಚರ್ಯವಿಲ್ಲ. ಇಂಗ್ಲಿಷರ ಹೆಸರೇ ಇಲ್ಲಿ ತಪ್ಪು. ನಾವು ಅವರ ತಪ್ಪನ್ನು ಸಂಸ್ಕೃತದಲ್ಲಿ ಬರೆದುಕೊಂಡಿದ್ದೇವೆ. 'ಹೊಯ್ದಾಟ ತಡೆ' ಎಂದರೆ ಸಾಕು. ಅದು ಗಂಭೀರವಾಗಿ ಕೇಳಿಸುವುದಿಲ್ಲವೆಂಬ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ, ಅದರ ಅಗತ್ಯವೂ ಕಾಣುವುದಿಲ್ಲ.

ನೀರಿನ ವಿಷಯಕ್ಕೆ ಬಂದಾಗ ತರಗತಿಯ ಮುಖಭಾವವೇ ಬದಲಾಯಿತು. ನವಲಗುಂದದ ಎರೆಭೂಮಿಯಲ್ಲಿ ಬಾವಿ ತೋಡಿದರೆ ಅನೇಕ ಕಡೆ ಸಿಗುವುದು ಸವಳು ನೀರು. ಊರು ಬದುಕಿದ್ದು ನೀಲಮ್ಮನ ಕೆರೆಯಂಥ ಕೆರೆಗಳ ಮೇಲೆ. ಈಚೆಗೆ ಹಳ್ಳಿಹಳ್ಳಿಗೆ 'ಶುದ್ಧ ಕುಡಿಯುವ ನೀರಿನ ಘಟಕ'ಗಳು ಬಂದಿವೆ; ಜನ ಅದನ್ನು 'ಫಿಲ್ಟರ್ ನೀರು' ಎನ್ನುತ್ತಾರೆ. ದೂರಯಾನದ ನೌಕೆಯಲ್ಲಿರುವ ನೀರಿನ ಯಂತ್ರವೂ ಆ ಘಟಕದ ಯಂತ್ರವೂ ಒಂದೇ ಕುಲದವು. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಅದನ್ನು ತೆಳುಪೊರೆಯ ಮೂಲಕ ಹಾಯಿಸಬೇಕಾದರೆ ವಾಯುಭಾರದ ಐವತ್ತು ಅರುವತ್ತು ಪಟ್ಟು ಒತ್ತಡ ಬೇಕು. ಹಳ್ಳಿಯ ಸವಳಿಗೆ ಅದರ ಒಂದು ಅಂಶ ಸಾಕು. ಎರಡು ಕಡೆಯೂ ಒಳಬಂದ ನೀರೆಲ್ಲ ಸಿಹಿಯಾಗುವುದಿಲ್ಲ. ನೌಕೆಯಲ್ಲಿ ಬಹುಭಾಗ ಇನ್ನಷ್ಟು ಉಪ್ಪಾಗಿ ಕಡಲಿಗೇ ಮರಳುತ್ತದೆ; ಅಲ್ಲಿ ಅದರಿಂದ ತೊಂದರೆಯಿಲ್ಲ. ಹಳ್ಳಿಯಲ್ಲಿ ಆ ಉಳಿಕೆ ನೀರು ಎಲ್ಲಿ ಹೋಗಬೇಕೆಂಬುದು ಬೇರೆಯೇ ಪ್ರಶ್ನೆ. ಎಣ್ಣೆ ತಗಲಿದರೆ ಪೊರೆ ಕೆಡುತ್ತದೆ, ಕ್ಲೋರಿನ್ ತಗಲಿದರೂ ಕೆಡುತ್ತದೆ. ಕೆಲವು ದಿನ ನಡೆಸದೆ ಬಿಟ್ಟರೆ ಅದರ ಮೇಲೆ ಪಾಚಿಯಂಥದು ಬೆಳೆಯುತ್ತದೆ. ನೌಕೆಯವನು ಆದುದರಿಂದ ನಿಲ್ಲಿಸುವ ಮುನ್ನ ಸಿಹಿನೀರಿನಿಂದ ಅದನ್ನು ತೊಳೆಯುತ್ತಾನೆ, ಜೊತೆಗೆ ತೊಟ್ಟಿಯಲ್ಲಿ ಕೈಕಾಪಿಗೆಂದು ನೀರನ್ನು ತುಂಬಿಟ್ಟಿರುತ್ತಾನೆ. ಬೀಗ ಬಿದ್ದ ಘಟಕವನ್ನು ಕಂಡ ವಿದ್ಯಾರ್ಥಿಗಳಿಗೆ ಈ ವಾಕ್ಯದ ಭಾರ ಚೆನ್ನಾಗಿ ತಿಳಿಯಿತು.

ಆದರೆ ಅವರು ಬರೆದದ್ದೇನು? 'ಹಿಮ್ಮುಖ ಅಭಿಸರಣ ಸ್ಥಾವರ'. ಅಭಿಸರಣೆಯ ಬಗ್ಗೆ ನನ್ನ ತಕರಾರಿಲ್ಲ. ತತ್ತ್ವವನ್ನು ಪಾಠದಲ್ಲಿ ವಿವರಿಸುವಾಗ ಸಂಸ್ಕೃತದ ಪದ ಒಂದಕ್ಕೊಂದು ಕೂಡಿಕೊಂಡು ಸೊಗಸಾಗಿ ಬೆಳೆಯುತ್ತದೆ, ರಾಜ್ಯದುದ್ದಕ್ಕೂ ಏಕರೂಪವಾಗಿ ಉಳಿಯುತ್ತದೆ. ಈ ಗುಣವನ್ನು ಅಲ್ಲಗಳೆಯಲಾಗದು. ಆದರೆ ತೇಲುತ್ತ ಚಲಿಸುತ್ತಿರುವ ನೌಕೆಯೊಳಗೆ 'ಸ್ಥಾವರ'ವೆ? ವಚನಗಳನ್ನು ಓದಿದ ನಾಡಿನಲ್ಲಿ ಈ ಪದ ಕೈತಪ್ಪಿ ಬೀಳಬಾರದಾಗಿತ್ತು. ತನ್ನ ಊರಿನಲ್ಲಿ ಸವಳು, ಸಿಹಿ ಎಂಬ ಎರಡು ಮಾತುಗಳಲ್ಲಿ ನೀರನ್ನು ಗುರುತಿಸುವ ಹುಡುಗಿ, ಲೇಖನಿ ಹಿಡಿದೊಡನೆ ಅವೆರಡನ್ನೂ ಮರೆತಳು. 'ಸಿಹಿನೀರಿನ ಯಂತ್ರ' ಎಂಬುದನ್ನು ಅವಳೇ ಆಮೇಲೆ ಸೂಚಿಸಿದಳು.

ತಾನಾಗಿ ದಿಕ್ಕು ಹಿಡಿಯುವ ಉಪಕರಣದ ಮಾತು ಚಿಕ್ಕದು. 1936ರಲ್ಲಿಯೇ ಫ್ರಾನ್ಸಿನ ಮಾರಿನ್-ಮಾರಿ ಎಂಬ ಚಿತ್ರಕಾರನು 'ಏರಿಯಲ್' ಎಂಬ ಮೋಟಾರು ದೋಣಿಯಲ್ಲಿ ಇಂಥ ಉಪಕರಣವನ್ನು ನಂಬಿ ಒಬ್ಬನೇ ಅಟ್ಲಾಂಟಿಕ್ ದಾಟಿದನು. 'ಸ್ವಯಂಚಾಲಕ' ಎಂಬ ಹೆಸರಿನಲ್ಲಿ ಚಾಲಕನೊಬ್ಬನು ಅಡಗಿ ಕುಳಿತಿದ್ದಾನೆ; ವಸ್ತುವಿನಲ್ಲಿ ಅವನಿಲ್ಲ. ಸಂತೆಯಿಂದ ಮರಳುವಾಗ ಗಾಡಿಯವನು ಮಲಗಿದ್ದರೂ ಎತ್ತುಗಳು ಮನೆಯ ದಾರಿ ಹಿಡಿಯುತ್ತವೆ. ಅಡ್ಡ ಏನಾದರೂ ಬಂದರೆ ನಿಲ್ಲುತ್ತವೆ. ಈ ಯಂತ್ರ ನಿಲ್ಲುವುದಿಲ್ಲ. ಹೇಳಿದ ದಿಕ್ಕನ್ನು ಅದು ಬಂಡೆಯ ಮೇಲೂ ಹಿಡಿಯುತ್ತದೆ. 'ದಿಕ್ಕುಹಿಡಿಕ' ಎಂದು ನಾನು ಸೂಚಿಸಿದೆ. ತರಗತಿ ಒಪ್ಪಲಿಲ್ಲ, 'ಆಟೋಪೈಲಟ್' ಎಂದೇ ಇರಲೆಂದಿತು. ಲಂಗರನ್ನು ಒಪ್ಪಿದವರು ಇದನ್ನು ಒಪ್ಪದಿರಲು ಕಾರಣವಿಲ್ಲವೆಂದು ನಾನೂ ಸುಮ್ಮನಾದೆ.

ಎಲ್ಲಕ್ಕಿಂತ ಕೆಟ್ಟ ಅನುವಾದ ದೊರೆತದ್ದು 'ರಿಡಂಡನ್ಸಿ' ಎಂಬ ಮಾತಿಗೆ. ಒಂದು ಕೆಟ್ಟರೆ ಇನ್ನೊಂದು ಒದಗುವಂತೆ ಮುಖ್ಯವಾದುದೆಲ್ಲವನ್ನೂ ಎರಡಾಗಿ ಇಟ್ಟುಕೊಳ್ಳುವುದು ದೂರಯಾನದ ಪ್ರಾಣ. ನಿಘಂಟನ್ನು ನಂಬಿದವರು 'ಎಂಜಿನ್ನಿನ ಅನಗತ್ಯತೆ' ಎಂದು ಬರೆದರು. ಯಾವುದು ಅತ್ಯಗತ್ಯವೋ ಅದನ್ನೇ ಅನಗತ್ಯವೆಂದಂತಾಯಿತು. 'ಜೋಡಿ ಎಂಜಿನ್' ಎಂದು ತಿದ್ದಿದವರೂ ಇದ್ದರು. ಇಲ್ಲಿ ನಮ್ಮ ಆಡುಮಾತು ಇಂಗ್ಲಿಷಿಗಿಂತ ಸೂಕ್ಷ್ಮವಾದ ಒಂದು ಭೇದವನ್ನು ಒದಗಿಸುತ್ತದೆ. ಎರಡು ಎಂಜಿನ್ನುಗಳೂ ಒಂದೇ ತೊಟ್ಟಿಯ ಎಣ್ಣೆ ಕುಡಿಯುತ್ತಿದ್ದರೆ ಅವು ಜೋಡಿ, ಬದಲಿಯಲ್ಲ. ಎಣ್ಣೆಯಲ್ಲಿ ನೀರೋ ಕಸವೋ ಸೇರಿದರೆ ಎರಡೂ ಒಟ್ಟಿಗೆ ನಿಲ್ಲುತ್ತವೆ. ನೊಗಕ್ಕೆ ಕಟ್ಟಿದ ಎತ್ತುಗಳಲ್ಲಿ ಒಂದು ಕುಂಟಿದರೆ ಇನ್ನೊಂದು ಗಾಡಿಯನ್ನು ಮನೆಗೆ ಮುಟ್ಟಿಸದು. ಬದಲಿ ಎಂದರೆ ಬೇರೆ ತೊಟ್ಟಿ, ಬೇರೆ ಸೋಸುಕ, ಬೇರೆ ಬ್ಯಾಟರಿ, ಸಾಧ್ಯವಿದ್ದರೆ ಬೇರೆ ಪಂಖ. ಡೀಸೆಲ್ ಪಂಪಸೆಟ್ಟು ನಡೆಸಿದ ರೈತನಿಗೆ ಇದು ಹೊಸದಲ್ಲ. ಎಂಜಿನ್ 'ಏರ್ ಹಿಡಿಯಿತು' ಎನ್ನುತ್ತ ಎಣ್ಣೆಯ ಕೊಳವೆಯ ತಿರುಪು ಸಡಿಲಿಸಿ ಗಾಳಿ ಹೊರಡಿಸುವ ಕೆಲಸವನ್ನು ನೌಕೆಯ ಎಂಜಿನ್ ಕೋಣೆಯಲ್ಲಿಯೂ ಹಾಗೆಯೇ ಮಾಡುತ್ತಾರೆ.

ಇದೆಲ್ಲ ಬರಿಯ ಶಬ್ದವಿಚಾರವೆಂದು ತೋರಬಹುದು. ಕರ್ನಾಟಕದಲ್ಲಿ ದಿನಗಟ್ಟಲೆ ಕಡಲಿನಲ್ಲಿರುವ ಯಂತ್ರನೌಕೆಗಳೆಂದರೆ ಶ್ರೀಮಂತರ ವಿಹಾರನೌಕೆಗಳಲ್ಲ. ಮಲ್ಪೆ, ಮಂಗಳೂರುಗಳ ಆಳಸಮುದ್ರ ಮೀನುಗಾರಿಕೆಯ ಬೋಟುಗಳು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಎರಡು ದಿನಗಳ ಮೇಲೆ ಸಂಪರ್ಕ ಕಳೆದುಕೊಂಡಿತು. ಅದರಲ್ಲಿ ಏಳು ಮಂದಿ ಇದ್ದರು. ಮಾಳವಣದ ಕಡಲತಳದಲ್ಲಿ ಅವಶೇಷ ಪತ್ತೆಯಾದದ್ದು ಮರುವರ್ಷದ ಮೇ ತಿಂಗಳಲ್ಲಿ. ನೌಕೆ ಮುಳುಗಿದಾಗ ನೀರಿನ ಒತ್ತಡಕ್ಕೆ ತಾನೇ ಕಳಚಿಕೊಂಡು ಮೇಲೆ ತೇಲಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕರೆ ಕಳಿಸುವ ಒಂದು ಸಣ್ಣ ಪೆಟ್ಟಿಗೆಯ ವರ್ಣನೆಯೂ ನಮ್ಮ ಗದ್ಯಭಾಗದಲ್ಲಿತ್ತು. ಅದಕ್ಕೆ ಬಂದ ಅನುವಾದಗಳಲ್ಲಿ ಒಂದು, 'ತುರ್ತು ಸ್ಥಾನನಿರ್ದೇಶಕ ಆಕಾಶವಾಣಿ ದೀಪಸ್ತಂಭ'. ಪೆಟ್ಟಿಗೆಯ ಮೇಲೆ ಇದನ್ನು ಬರೆಯಲು ಜಾಗವಿಲ್ಲ. ಬರೆದರೂ ಇರುಳಿನಲ್ಲಿ, ನೀರು ಒಳನುಗ್ಗುತ್ತಿರುವಾಗ, ಯಾರೂ ಓದಲಾರರು. ಅಣ್ಣಿಗೇರಿಯ ವಿದ್ಯಾರ್ಥಿಯೊಬ್ಬ 'ಕೂಗುಪೆಟ್ಟಿಗೆ' ಎಂದು ಬರೆದು, ಹಾಸ್ಯಾಸ್ಪದವಾದೀತೆಂದು ತಾನೇ ಹೊಡೆದುಹಾಕಿದ್ದನು. ಹೊಡೆದುದನ್ನು ಅಳಿಸಿ ಪದವನ್ನು ಉಳಿಸಿಕೊಂಡೆವು. ಮುಖ್ಯ ಎಂಜಿನ್ ಕೆಟ್ಟಾಗ ದಡ ಮುಟ್ಟಿಸುವ ಕಿರು ಎಂಜಿನ್ನಿಗೆ ಮಾತ್ರ ಎಲ್ಲರೂ ಒಪ್ಪುವ ಹೆಸರು ಇನ್ನೂ ಸಿಕ್ಕಿಲ್ಲ. 'ಬದಲಿ' ಎಂದರೆ ಅದು ಮುಖ್ಯ ಎಂಜಿನ್ನಿಗೆ ಸಮನೆಂಬ ಭ್ರಮೆ ಹುಟ್ಟುತ್ತದೆ. ಅದರ ವೇಗವೋ ಮೂರು ನಾಲ್ಕು ನಾಟ್.